ಆಸ್ಪತ್ರೆ ಹಿಂದಿನ ಹಲಸಿನ ಮರ ಕಡಿದು ಪಾರ್ಕಿಂಗ್ ಮಾಡ್ತಾರಂತೆ, ಮರ ಕಾಣುದ್ರಿಂದ ಪೇಷಂಟಿಗೆ ನಿಜವಾಗಿ ಎಂತಾದ್ರೂ ಉಪಯೋಗ ಉಂಟಾ?

ಮುರಕಲ್ಲು (ಪ್ರಶ್ನೆ ಕೇಳಿದವರು)

ಎಲ್ರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಸಿವಿಲ್ ಇಂಜಿನಿಯರ್. ನಮ್ಮ ಬಾವನದ್ದು ಬ್ರಹ್ಮಾವರ ಕಡೆ ಒಂದು ಸಣ್ಣ ನರ್ಸಿಂಗ್ ಹೋಮ್ ಉಂಟು, ಈಗ 18 ಬೆಡ್, ಅದನ್ನು 30 ಮಾಡುವ ಅಂತ ಹೊರಟಿದ್ದಾರೆ, ಹೊಸ ಬ್ಲಾಕಿನ ಕೆಲಸ ನನ್ನ ಕೈಯಲ್ಲಿ. ಹಳೇ ಕಟ್ಟಡದ ಹಿಂದೆ ಒಂದು ದೊಡ್ಡ ಹಲಸು, ಎರಡು ಕಾಟು ಮಾವು, ಕಂಪೌಂಡಿನ ಬದಿಗೆ ಒಂದು ರಂಜದ ಮರ. ಈಗ ಬಂದ ಪ್ಲಾನಿನಲ್ಲಿ ನಾಲ್ಕೂ ಮರ ತೆಗೆದು ಇಂಟರ್‌ಲಾಕ್ ಹಾಕಿ 14 ಕಾರಿನ ಪಾರ್ಕಿಂಗ್. ಅದರ ಬದಲಿಗೆ ರಿಸೆಪ್ಶನ್ ಗೋಡೆಗೆ ಪ್ಲಾಸ್ಟಿಕ್ ಎಲೆಯ ವರ್ಟಿಕಲ್ ಗಾರ್ಡನ್, ವಾರ್ಡಿನಲ್ಲಿ ಕಾಡಿನ ಚಿತ್ರದ ವಾಲ್‌ಪೇಪರ್.

ನನಗೆ ಇದು ಸಮಾಧಾನ ಇಲ್ಲ, ಅದಕ್ಕೆ ಕಾರಣ ಉಂಟು. ಹೋದ ವರ್ಷ ಅಪ್ಪನನ್ನು ಒಂದು ಆಸ್ಪತ್ರೆಯಲ್ಲಿ 11 ದಿನ ಇಟ್ಟಿದ್ದೆವು, ಹೆಸರು ಬೇಡ. ಡಾಕ್ಟ್ರು ಒಳ್ಳೆಯವರು, ಟ್ರೀಟ್‌ಮೆಂಟ್ ಬಗ್ಗೆ ಒಂದು ಮಾತಿಲ್ಲ. ರೂಮಿಗೆ ಕಿಟಕಿ ಇತ್ತು, ಆದ್ರೆ ಪರದೆ ಸರಿಸಿದ್ರೆ ನಾಲ್ಕಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ, ಅದರಲ್ಲಿ ಎರಡು ಎ.ಸಿ. ಔಟ್‌ಡೋರ್ ಯೂನಿಟ್. ಅಪ್ಪ ಜೀವಮಾನ ಇಡೀ ಗದ್ದೆ ತೋಟ ಅಂತ ಹೊರಗೇ ಇದ್ದವರು, ಐದನೇ ದಿನದಿಂದ ಗಂಟೆಗೊಮ್ಮೆ "ಹೊತ್ತು ಕಂತಿತಾ" ಅಂತ ಕೇಳ್ಲಿಕ್ಕೆ ಶುರು ಮಾಡಿದ್ರು, ಬೆಳಗ್ಗೆ ಹತ್ತು ಗಂಟೆಗೂ ಅದೇ ಪ್ರಶ್ನೆ, ರಾತ್ರೆ ಎರಡು ಗಂಟೆಗೂ ಅದೇ. ಮನೆಗೆ ಕರ್ಕೊಂಡು ಬಂದು ಚಾವಡಿಯಲ್ಲಿ ಮಂಚ ಹಾಕಿದ ಮೂರನೇ ದಿನ ಅಮ್ಮನ ಹತ್ರ "ಪಡುವಣದಲ್ಲಿ ಮೋಡ ಕಟ್ಟಿದೆ, ಒಣಗ್ಲಿಕ್ಕೆ ಹಾಕಿದ ಹುಲ್ಲು ಒಳಗೆ ಹಾಕಿ" ಅಂದ್ರು. ನನಗೆ ಆವತ್ತು ಅಪ್ಪ ವಾಪಸ್ ಬಂದ ಹಾಗೆ ಅನಿಸಿತು.

ಬಾವನ ಹತ್ರ ಇದನ್ನು ಹೇಳಿದ್ರೆ "ಅದು ನಿನ್ನ ಸೆಂಟಿಮೆಂಟ್ ಮಾರಾಯ, ಪೇಷಂಟ್ ಗುಣ ಆಗುದು ಮದ್ದಿನಿಂದ" ಅಂತಾರೆ, ಅದೂ ತಪ್ಪಲ್ಲ. ಹಾಗಾಗಿ ಕೇಳುದು, ಮರ, ಬೆಳಕು, ಗಾಳಿ ಇದರಿಂದ ಗುಣ ಆಗ್ಲಿಕ್ಕೆ ಸಹಾಯ ಆಗ್ತದೆ ಅಂತ ಯಾರಾದ್ರೂ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದುಂಟಾ? ಮತ್ತೆ ನಮ್ಮ ಈ ಮಳೆ, ಸೊಳ್ಳೆ, ಬೂಸಲು ಹಿಡಿಯುವ ಊರಲ್ಲಿ ಅದನ್ನು ಮಾಡುದು ಹೇಗೆ? ಆಸ್ಪತ್ರೆ ಕೆಲಸ ಗೊತ್ತಿದ್ದವರು ದಯವಿಟ್ಟು ಹೇಳಿ, ಮುಂದಿನ ವಾರ ಪ್ಲಾನ್ ಫೈನಲ್.

ಪಡುಗಾಳಿ

ಮಂಗಳೂರಲ್ಲಿ ಆರ್ಕಿಟೆಕ್ಟ್ ನಾನು, ಎರಡು ಮೂರು ಕ್ಲಿನಿಕ್ ಮಾಡಿದ ಅನುಭವ ಉಂಟು. ನಿಮ್ಮ ಬಾವನಿಗೆ ಲೆಕ್ಕ ಬೇಕು ಅಂತಾದ್ರೆ ಲೆಕ್ಕ ಉಂಟು.

ರೋಜರ್ ಉಲ್ರಿಚ್ ಅಂತ ಒಬ್ರು 1984ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟ ಮಾಡಿದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರ ವರೆಗೆ ಪಿತ್ತಕೋಶದ ಆಪರೇಶನ್ ಆದವರ ಹಳೇ ಕೇಸ್ ಶೀಟ್ ತೆಗೆದು ಕೂತ್ರು. ರೂಮೆಲ್ಲ ಒಂದೇ ಥರದ್ದು, ಕೆಲವು ಕಿಟಕಿಯಿಂದ ಮರ ಕಾಣ್ತದೆ, ಕೆಲವು ಕಿಟಕಿಯಿಂದ ಕಂದು ಬಣ್ಣದ ಇಟ್ಟಿಗೆ ಗೋಡೆ ಮಾತ್ರ. ವಯಸ್ಸು, ಗಂಡಾ ಹೆಣ್ಣಾ, ಸಿಗರೇಟು ಸೇದುವವರಾ, ದಪ್ಪ ಇದ್ದಾರಾ, ಎಷ್ಟನೇ ಮಾಳಿಗೆ ಎಲ್ಲ ಹೊಂದಿಸಿ 23 ಜೋಡಿ ಮಾಡಿದ್ರು, ಅಂದ್ರೆ 46 ಜನ. ಮರ ಕಂಡವರು ಆಪರೇಶನ್ ಆದ ಮೇಲೆ ಸರಾಸರಿ 7.96 ದಿನ ಇದ್ರು, ಗೋಡೆ ಕಂಡವರು 8.70 ದಿನ. ಸುಮಾರು ಮುಕ್ಕಾಲು ದಿನದ ವ್ಯತ್ಯಾಸ. ಎರಡನೇ ದಿನದಿಂದ ಐದನೇ ದಿನದೊಳಗೆ ಸ್ಟ್ರಾಂಗ್ ನೋವಿನ ಮದ್ದು ಕೂಡ ಮರ ಕಂಡವರಿಗೆ ಕಡಿಮೆ ಬೇಕಾಗಿತ್ತು. ನನಗೆ ಅದರಲ್ಲಿ ಇಷ್ಟ ಆದ ಒಂದು ವಿಷಯ ಎಂತಂದ್ರೆ, ಅವರು ಮೇ 1ರಿಂದ ಅಕ್ಟೋಬರ್ 20ರ ಒಳಗೆ ಆಪರೇಶನ್ ಆದವರನ್ನು ಮಾತ್ರ ಲೆಕ್ಕಕ್ಕೆ ತಗೊಂಡದ್ದು, ಯಾಕಂದ್ರೆ ಉಳಿದ ತಿಂಗಳು ಅಲ್ಲಿ ಮರದಲ್ಲಿ ಎಲೆಯೇ ಇರುದಿಲ್ಲ. ನಿಮ್ಮ ಹಲಸು ವರ್ಷವಿಡೀ ಹಸಿರು!

ಆದ್ರೆ ಬಾವನ ಹತ್ರ ಹೇಳುವಾಗ ಜಾಸ್ತಿ ಮಾಡಿ ಹೇಳ್ಬೇಡಿ. 46 ಜನ ಅಂದ್ರೆ ಸಣ್ಣ ಲೆಕ್ಕ, ಬರೀ ಬೋಳು ಗೋಡೆಯ ಜೊತೆ ಹೋಲಿಸಿದ್ದು, ಎಲ್ಲಾ ಥರದ ಕಾಯಿಲೆಗೂ ಎಲ್ಲಾ ಕಟ್ಟಡಕ್ಕೂ ಇದನ್ನು ಎಳೀಬೇಡಿ ಅಂತ ಉಲ್ರಿಚ್ ಅವರೇ ಬರೆದಿದ್ದಾರೆ. ಬೆಳಕಿನ ಬಗ್ಗೆ ಬೇರೆಯೇ ಉಂಟು, ಕೆನಡಾದ ಎಡ್ಮಂಟನ್‌ನಲ್ಲಿ ಡಿಪ್ರೆಶನ್‌ಗೆ ಅಡ್ಮಿಟ್ ಆದವರಲ್ಲಿ ಬಿಸಿಲು ಬರುವ ರೂಮಿನವರು 16.9 ದಿನಕ್ಕೆ ಮನೆಗೆ ಹೋದ್ರು, ಮಬ್ಬು ರೂಮಿನವರು 19.5 ದಿನಕ್ಕೆ, ಅದು 1996ರದ್ದು.

ಈಗ ನಿಮ್ಮ ಕಟ್ಟಡಕ್ಕೆ ಬರುವ. ಮರ ಉಳಿಸಿದ್ರೆ ಮಾತ್ರ ಆಗುದಿಲ್ಲ, ಮಲಗಿದವರಿಗೆ ಅದು ಕಾಣ್ಬೇಕು. ನಾವು ಡ್ರಾಯಿಂಗ್ ಮಾಡುದು ನಿಂತವರ ಕಣ್ಣಿನ ಲೆಕ್ಕದಲ್ಲಿ, ಕಿಟಕಿ ದಂಡೆ ಮೂರು ಮೂರೂವರೆ ಅಡಿಗೆ ಇಡ್ತೇವೆ, ಬೆಡ್ಡಿನ ಎತ್ತರ ಎರಡಡಿ, ತಲೆ ದಿಂಬಿನ ಮೇಲೆ, ಅಲ್ಲಿಂದ ನೋಡಿದ್ರೆ ಒಂದು ಗೇಣು ಆಕಾಶ ಮತ್ತೆ ಸಜ್ಜಾದ ಅಡಿ. ಮುಗೀತು. ಫಿನ್ಲೆಂಡಿನಲ್ಲಿ ಪೈಮಿಯೋ ಅಂತ ಕ್ಷಯರೋಗಕ್ಕೆ ಅಂತಲೇ ಕಟ್ಟಿದ ಒಂದು ಆಸ್ಪತ್ರೆ ಉಂಟು, ಪೈನ್ ಕಾಡಿನ ನಡುವೆ, ಆಲ್ವಾರ್ ಆಲ್ಟೋ ಅಂತ ಆರ್ಕಿಟೆಕ್ಟ್ ಮಾಡಿದ್ದು, 1933ರಲ್ಲಿ ಮುಗಿದದ್ದು. ಆ ಕಾಲದಲ್ಲೇ ಅವರು ಇಡೀ ರೂಮನ್ನು ಮಲಗಿದವರ ಲೆಕ್ಕದಲ್ಲಿ ಮಾಡಿದ್ರು, ದಿನವಿಡೀ ನೋಡುದು ಸೀಲಿಂಗನ್ನೇ ಅಲ್ವ, ಅದಕ್ಕೆ ಕಡು ಹಸಿರು ಬಣ್ಣ, ಲೈಟು ನೇರ ಕಣ್ಣಿಗೆ ಹೊಡೆಯದ ಹಾಗೆ, ವಾಶ್ ಬೇಸಿನಿಗೆ ನೀರು ಬೀಳುವ ಸದ್ದು ಕೂಡ ಪಕ್ಕದ ಬೆಡ್ಡಿನವರಿಗೆ ಕೇಳದ ಹಾಗೆ ಓರೆ ಮಾಡಿದ್ರು. ಇದಕ್ಕೆಲ್ಲ ದುಡ್ಡಲ್ಲ ಬೇಕಾದ್ದು, ಒಮ್ಮೆ ಮಲಗಿ ನೋಡ್ಬೇಕು. ನೀವು ಸೈಟಿಗೆ ಒಂದು ಮಂಚ ತಗೊಂಡು ಹೋಗಿ, ಬಾವನನ್ನು ಮಲಗಿಸಿ.

ನೈಟ್ ಡ್ಯೂಟಿ

ನಾನು 26 ವರ್ಷ ವಾರ್ಡಲ್ಲಿ ಕೆಲಸ ಮಾಡಿದವಳು, ಈಗ ರಿಟೈರ್ಡ್. ಮೇಲೆ ಪಡುಗಾಳಿ ಹೇಳಿದ ಲೆಕ್ಕ ನನಗೆ ಗೊತ್ತಿರ್ಲಿಲ್ಲ, ಆದ್ರೆ ಕಿಟಕಿ ಬದಿ ಬೆಡ್ ಖಾಲಿ ಆದ ಕೂಡ್ಲೆ "ಸಿಸ್ಟರ್, ನಮ್ಮ ಅಜ್ಜಿಯನ್ನು ಅಲ್ಲಿಗೆ ಹಾಕ್ತೀರಾ" ಅಂತ ನಾಲ್ಕು ಕಡೆಯಿಂದ ಕೇಳ್ತಿದ್ದದ್ದು ದಿನಾ ನೋಡಿದ್ದೇನೆ. ವಯಸ್ಸಾದವರಿಗೆ ಹಗಲು ರಾತ್ರೆ ಗೊತ್ತಾಗದೆ ಗಲಿಬಿಲಿ ಆಗುದು ತುಂಬ ಉಂಟು, ನಿಮ್ಮ ಅಪ್ಪನಿಗೆ ಆದ ಹಾಗೆ. ಅದಕ್ಕೆ ಬೇರೆ ಕಾರಣವೂ ಇರ್ತದೆ, ಸೋಡಿಯಂ ಕಡಿಮೆ ಆಗುದು, ಇನ್‌ಫೆಕ್ಷನ್, ಮದ್ದಿನದ್ದು, ಅದನ್ನು ಡಾಕ್ಟ್ರು ನೋಡ್ಬೇಕು. ನಾವು ಮಾಡ್ತಿದ್ದದ್ದು ಇಷ್ಟೆ, ಬೆಳಗ್ಗೆ ಆರು ಗಂಟೆಗೆ ಪರದೆ ಸರಿಸುದು, ಕನ್ನಡಕ ಹಾಕಿಸುದು, ದೊಡ್ಡ ಗಡಿಯಾರ ಎದುರಿಗೆ ಇಡುದು, ರಾತ್ರೆ ಲೈಟ್ ಕಡಿಮೆ ಮಾಡುದು. ಕಿಟಕಿ ಇದ್ದ ಕಡೆ ಇದು ಸುಲಭ ಆಗ್ತಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಇದನ್ನೇ 160 ವರ್ಷಕ್ಕೂ ಹಿಂದೆ ಬರೆದದ್ದು, ರೋಗಿಗೆ ಶುದ್ಧ ಗಾಳಿ ಆದ ಮೇಲೆ ಬೇಕಾದ್ದು ಬೆಳಕು ಅಂತ, ನಮಗೆ ಟ್ರೈನಿಂಗ್‌ನಲ್ಲೇ ಹೇಳಿಕೊಟ್ಟಿದ್ದು.

ರಂಜದ ಮರ ದಯವಿಟ್ಟು ಕಡೀಬೇಡಿ. ನಾನು ಮೊದಲು ಇದ್ದ ಕಡೆ ಒಂದು ರಂಜ ಇತ್ತು, ಅದರ ಅಡಿಯಲ್ಲಿ ಸಿಮೆಂಟಿನ ಬೆಂಚು. ನೈಟ್ ಡ್ಯೂಟಿ ಮುಗಿಸಿ ಹೊರಗೆ ಬರುವಾಗ ನೆಲ ಇಡೀ ಹೂ ಬಿದ್ದಿರ್ತಿತ್ತು. ಒಬ್ರು ಅಮ್ಮ, ಮಗನಿಗೆ ತಲೆಗೆ ಪೆಟ್ಟಾಗಿ ಒಳಗೆ ಇದ್ದ, ಅವರು ಒಂದು ತಿಂಗಳು ದಿನಾ ಬೆಳಗ್ಗೆ ಆ ಹೂ ಹೆಕ್ಕಿ ಬಾಳೆನಾರಿಗೆ ಪೋಣಿಸಿ ನಮ್ಮ ಕೌಂಟರಿನ ಮೇಲೆ ಒಂದು, ಮಗನ ಬೆಡ್ಡಿನ ಕಂಬಿಗೆ ಒಂದು ಕಟ್ತಿದ್ರು. ಒಣಗಿದ್ರೂ ರಂಜದ ಪರಿಮಳ ಹೋಗುದಿಲ್ಲ ನೋಡಿ. ನಾವು ಪೇಷಂಟಿನದ್ದೇ ಮಾತಾಡ್ತೇವೆ, ಜೊತೆಗೆ ಬಂದವರು ಹೊರಗೆ ಕೂತು ಕಾಯುದು ಎಲ್ಲಿ? ಲಿಫ್ಟಿನ ಎದುರು ಪೇಪರ್ ಹಾಸಿ ಕೂರುವವರನ್ನು ನೋಡಿದ್ರೆ ನನಗೆ ಈಗಲೂ ಬೇಜಾರಾಗ್ತದೆ.

ಇನ್ನೊಂದು, ನರ್ಸುಗಳ ರೂಮಿಗೆ ಒಂದು ಕಿಟಕಿ ಇಡಿ. ಎಲ್ಲಾ ಕಡೆ ಸ್ಟೋರ್ ರೂಮಿನ ಬದಿಗೆ ಬೆಳಕಿಲ್ಲದ ಮೂಲೆ ಕೊಡ್ತಾರೆ, 12 ಗಂಟೆ ಡ್ಯೂಟಿ ಮಾಡಿ ಅಲ್ಲಿ ಕೂತು ಊಟ ಮಾಡುದು. ಹುಡುಗಿಯರು ಕೆಲಸ ಬಿಟ್ಟು ಹೋಗ್ತಾರೆ ಅಂತ ಆಮೇಲೆ ದೂರುದು.

ಹೆದ್ದಾರಿ ಬದಿ

ನಾನು ಸ್ವಲ್ಪ ಬೇರೆ ಹೇಳ್ತೇನೆ, ತಪ್ಪು ತಿಳ್ಕೊಬೇಡಿ. ಎರಡು ವರ್ಷ ಮೊದಲು ಜುಲೈ ತಿಂಗಳಲ್ಲಿ, ಜಡಿಮಳೆ, ಅತ್ತೆಗೆ ಉಸಿರಾಟದ ತೊಂದ್ರೆ, ಆಸ್ಪತ್ರೆ ಒಳಗೆ ಕಾರು ನಿಲ್ಲಿಸ್ಲಿಕ್ಕೆ ಜಾಗ ಇಲ್ಲ, ಸರ್ವಿಸ್ ರೋಡಿನಲ್ಲಿ ನಿಲ್ಲಿಸಿ ನಾನು ಮತ್ತೆ ನನ್ನ ಭಾವ ಸೇರಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ಕೊಂಡು ಹೋದದ್ದು, ಅರ್ಧ ದಾರಿಯಲ್ಲಿ ಅವರು ಪೂರ್ತಿ ಚಂಡಿ. ಹಾಗಾಗಿ ಪಾರ್ಕಿಂಗ್ ಬೇಡ ಅಂತ ಹೇಳುವವರನ್ನು ನೋಡಿದ್ರೆ ನನಗೆ ಆ ದಿನ ನೆನಪಾಗ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ಇರುವ ಆಸ್ಪತ್ರೆಗೆ ಕುಂದಾಪುರದಿಂದ, ಹೆಬ್ರಿ ಕಡೆಯಿಂದ ಎಲ್ಲ ಜನ ಕಾರಲ್ಲಿ ರಿಕ್ಷಾದಲ್ಲಿ ಬರುದು. ಮರ ನೋಡ್ಲಿಕ್ಕೆ ಪೇಷಂಟ್ ಮೊದಲು ಒಳಗೆ ಬರ್ಬೇಕಲ್ಲ.

ಪಡುಗಾಳಿ

ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ನಿಮ್ಮ ಅತ್ತೆಗೆ ಆ ದಿನ ಬೇಕಾಗಿದ್ದದ್ದು ಮಾಡು ಇರುವ ಒಂದು ಪೋರ್ಟಿಕೊ, ಕಾರು ನೇರ ಅದರಡಿ ಬಂದು ಸ್ಟ್ರೆಚರಿಗೆ ಇಳಿಸಿ ಮುಂದೆ ಹೋಗುವ ಹಾಗೆ. ಹಿಂದೆ 14 ಕಾರು ನಿಂತರೂ ಎದುರಿಗೆ ಅದು ಇಲ್ಲದಿದ್ರೆ ಮತ್ತೆ ಚಂಡಿಯೇ. ಮುರಕಲ್ಲು ಅವರೇ, ಪ್ಲಾನಿನಲ್ಲಿ ಎದುರು ಪೋರ್ಟಿಕೊ ಉಂಟಾ, ಆಂಬ್ಯುಲೆನ್ಸ್ ತಿರುಗ್ಲಿಕ್ಕೆ ಜಾಗ ಉಂಟಾ, ಅದನ್ನು ಮೊದಲು ನೋಡಿ.

ಮಳೆಯ ಬಗ್ಗೆ ಕೇಳಿದ್ರಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಗಾಳಿ ಮಳೆ ಹೊಡೆಯುದು ನೈರುತ್ಯದಿಂದ, ಮಾರ್ಚ್‌ನಿಂದ ಮೇ ವರೆಗೆ ಮಧ್ಯಾಹ್ನದ ಮೇಲಿನ ಬಿಸಿಲು ಪಡುವಣದಿಂದ, ಎರಡೂ ಒಂದೇ ಬದಿ. ಆ ಬದಿಗೆ ದೊಡ್ಡ ಗಾಜು ಹಾಕಿದ್ರೆ ಬೇಸಗೆಯಲ್ಲಿ ರೂಮು ಬೇಯ್ತದೆ, ಮಳೆಗಾಲದಲ್ಲಿ ನಾಲ್ಕು ತಿಂಗಳು ಬಾಗಿಲು ಮುಚ್ಚಿಯೇ ಇರ್ತದೆ. ನಮ್ಮ ಹಿರಿಯರು ಹಂಚಿನ ಮಾಡನ್ನು ಗೋಡೆಯಿಂದ ಅಷ್ಟು ಹೊರಗೆ ಇಳಿಸಿ ಜಗಲಿ ಬಿಟ್ಟದ್ದು ಸುಮ್ಮನೆ ಅಲ್ಲ. ಮಲಗುವ ರೂಮು ಉತ್ತರಕ್ಕೋ ಮೂಡಕ್ಕೋ ಬರ್ಲಿ, ಪಡುವಣಕ್ಕೆ ಮೆಟ್ಟಿಲು, ಸ್ಟೋರು, ಟಾಯ್ಲೆಟ್ ಹಾಕಿ. ಹಾಕ್ಲೇಬೇಕಾದ್ರೆ ಐದಾರಡಿ ವರಾಂಡ. ಸಿಂಗಾಪುರದಲ್ಲಿ ಖೂ ಟೆಕ್ ಪುವಾತ್ ಅಂತ ಆಸ್ಪತ್ರೆ ಉಂಟು, 2010ರಲ್ಲಿ ಆದದ್ದು, ಕೆರೆಯ ದಂಡೆಯಲ್ಲಿ, ಮಾಳಿಗೆ ಮೇಲೆ ತರಕಾರಿ ಕೂಡ ಬೆಳೀತಾರೆ. ಅಲ್ಲಿಯದ್ದೂ ನಮ್ಮ ಹಾಗೆಯೇ ಸೆಕೆ, ಮಳೆ, ಡೆಂಗ್ಯೂ. ಅಷ್ಟು ದೊಡ್ಡದು ನಮಗೆ ಬೇಡ, ಮಳೆ ಊರಲ್ಲಿ ಆಗುದೇ ಇಲ್ಲ ಅಂತ ಹೇಳುವವರಿಗೆ ತೋರಿಸ್ಲಿಕ್ಕೆ ಹೇಳಿದ್ದು.

ಕಲ್ಚರ್ ಪ್ಲೇಟ್

ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಇರುವವಳು ನಾನು, ಇನ್‌ಫೆಕ್ಷನ್ ಕಂಟ್ರೋಲ್ ಕಮಿಟಿಯಲ್ಲೂ ಇದ್ದೇನೆ. ಮರಕ್ಕೆ ನನ್ನ ವಿರೋಧ ಇಲ್ಲ, ಮರ ಗಾಜಿನ ಹೊರಗೆ ಇರುವ ತನಕ. ತೊಂದ್ರೆ ಶುರುವಾಗುದು ಹಸಿರು ಅಂತ ಒಳಗೆ ಮಣ್ಣು ತರುವಾಗ. ಕುಂಡದ ಹಸಿ ಮಣ್ಣಿನಲ್ಲಿ ಆಸ್ಪರ್ಜಿಲಸ್ ಅಂತ ಬೂಸಲು ಇರ್ತದೆ, ಆರೋಗ್ಯ ಇದ್ದವರಿಗೆ ಎಂತ ಆಗುದಿಲ್ಲ, ಕೀಮೋ ತಗೊಳ್ಳುವವರು, ಕಸಿ ಆದವರು, ಐಸಿಯುನಲ್ಲಿ ಇದ್ದವರು, ಸುಟ್ಟ ಗಾಯದವರು, ಇವರಿಗೆ ಅದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ. ಅಂಥ ಕಡೆ ಕುಂಡ ಬೇಡ, ಹೂದಾನಿ ನೀರೂ ಬೇಡ. ಲಾಬಿಯಲ್ಲಿ ನೀರು ಚಿಮ್ಮುವ ಫೌಂಟೇನ್ ಕೂಡ ಬೇಡ, ನೀರಿನ ತುಂತುರಿನಲ್ಲಿ ಲೀಜಿಯೊನೆಲ್ಲಾ ಅಂತ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಹರಡ್ತದೆ.

ಪ್ಲಾಸ್ಟಿಕ್ ಎಲೆ ಗೋಡೆ ಅಂದ್ರಲ್ಲ, ಅದನ್ನು ಒರೆಸುದು ಯಾರು? ಸಾವಿರ ಎಲೆ, ಪ್ರತಿ ಎಲೆಯ ಮೇಲೆ ಧೂಳು, ಮಳೆಗಾಲದಲ್ಲಿ ಆ ಧೂಳಿಗೆ ತೇವ ಹಿಡಿದ್ರೆ ಅದೇ ಬೂಸಲು. ವಾಲ್‌ಪೇಪರಿಗೂ ನಮ್ಮ ಊರಲ್ಲಿ ಹಿಂದಿನಿಂದ ತೇವ ಏರ್ತದೆ. ತೊಳೀಲಿಕ್ಕೆ ಆಗುವ ಪೇಂಟ್ ಹಾಕಿ ಬಿಡಿ.

ಸೊಳ್ಳೆಗೆ ಮರ ಕಾರಣ ಅಂತ ಸುಮ್ಮನೆ ಹೇಳ್ತಾರೆ. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುದು ನಿಂತ ನೀರಲ್ಲಿ, ಕುಂಡದ ಅಡಿ ತಟ್ಟೆ, ಸಜ್ಜಾದ ಮೇಲೆ, ಎಲೆ ಬಿದ್ದು ಕಟ್ಟಿದ ಮಳೆನೀರಿನ ದಂಬೆ. ಹಾಗಾಗಿ ಹಲಸು ಉಳಿಸ್ತೀರಿ ಅಂತಾದ್ರೆ ದಂಬೆ ಕ್ಲೀನ್ ಮಾಡ್ಲಿಕ್ಕೆ ಮೇ ಕೊನೆಗೆ ಒಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಬ್ಬ ಜನ ಬೇಕು, ಅದನ್ನು ಈಗಲೇ ಖರ್ಚಿನಲ್ಲಿ ಬರೆಯಿರಿ. ಕಿಟಕಿಗೆ ಸೊಳ್ಳೆ ಬಲೆ ಕಡ್ಡಾಯ, ತೆಗೆದು ತೊಳೆಯುವ ಹಾಗೆ ಇರುವಂಥದ್ದು. ಹಣ್ಣು ಹಣ್ಣಾಗಿ ಬೀಳುವ ಮೊದಲು ಇಳಿಸಿ, ಬಾವಲಿ ಕಚ್ಚಿ ಹಾಕಿದ್ದನ್ನು ಯಾರೂ ಮುಟ್ಟದ ಹಾಗೆ ಹೂಳಿ.

ಮತ್ತೆ ಯಾರೂ ಹೇಳದ್ದು ಒಂದುಂಟು. ನೀವು ಹಳೇ 18 ಬೆಡ್ ನಡೆಸ್ತಾ ಪಕ್ಕದಲ್ಲೇ ಅಗೆಯುದಲ್ವ? ಕಟ್ಟಡ ಒಡೆಯುವ, ಮಣ್ಣು ಅಗೆಯುವ ಧೂಳಿನಲ್ಲೇ ಈ ಆಸ್ಪರ್ಜಿಲಸ್ ಜಾಸ್ತಿ ಹಾರುದು. ಆ ಬದಿ ಕಿಟಕಿಗಳಿಗೆ ಕೆಲಸ ಮುಗಿಯುವ ತನಕ ದಪ್ಪ ಪ್ಲಾಸ್ಟಿಕ್ ಶೀಟ್ ಸೀಲ್ ಮಾಡಿ, ಮಣ್ಣಿಗೆ ನೀರು ಹೊಡೀತಾ ಇರಿ, ನಿಶ್ಶಕ್ತಿ ಇರುವ ಪೇಷಂಟ್‌ಗಳನ್ನು ಎದುರಿನ ಬದಿಗೆ ಹಾಕ್ಲಿಕ್ಕೆ ಹೇಳಿ. ಇದು ಮರದ ವಿಷಯಕ್ಕಿಂತ ಅರ್ಜೆಂಟ್.

ಸುರಗಿ

ನಾನು ಡಾಕ್ಟ್ರೂ ಅಲ್ಲ ಇಂಜಿನಿಯರೂ ಅಲ್ಲ. ಬೈಕ್ ಸ್ಕಿಡ್ ಆಗಿ ತೊಡೆ ಮೂಳೆ ಮುರಿದು ಮಂಗಳೂರಲ್ಲಿ 22 ದಿನ ಮಲಗಿದವನು, ಜನರಲ್ ವಾರ್ಡ್, ಒಂದನೇ ಮಾಳಿಗೆ. ಮೊದಲ ಮೂರು ದಿನ ನನ್ನ ಬೆಡ್ ನಡುವಿನ ಸಾಲಲ್ಲಿ ಇತ್ತು, ಫ್ಯಾನ್ ನೋಡುದು, ಫ್ಯಾನಿನ ರೆಕ್ಕೆ ಎಣಿಸುದು, ನೋವು ಎಷ್ಟಾಯ್ತು ಅಂತ ನೋಡುದು, ಬೇರೆ ಕೆಲಸ ಇಲ್ಲ. ಆಮೇಲೆ ಕಿಟಕಿ ಬದಿಗೆ ಹಾಕಿದ್ರು. ಹೊರಗೆ ಒಂದು ಮಾವಿನ ಮರದ ಗೆಲ್ಲು ಇಷ್ಟು ಹತ್ರ, ಕೈ ಚಾಚಿದ್ರೆ ಸಿಗುವ ಹಾಗೆ. ಅದರಲ್ಲಿ ಪಿಕಳಾರ ಹಕ್ಕಿಯ ಗೂಡು ಇತ್ತು. ಒಂದು ಸಣ್ಣ ಬಟ್ಟಲಿನ ಹಾಗೆ, ನಾರು, ಒಣ ಹುಲ್ಲು, ಎಲ್ಲಿಂದಲೋ ತಂದ ಪ್ಲಾಸ್ಟಿಕ್ ಚೀಲದ ತುಂಡು. ತಾಯಿ ಕೂತರೆ ಬಾಲದ ಅಡಿಯ ಕೆಂಪು ಮಾತ್ರ ಹೊರಗೆ ಕಾಣ್ತಿತ್ತು. ನನ್ನ ಎರಡನೇ ಆಪರೇಶನ್ ಆದ ಮರುದಿನ ಮರಿ ಆಯ್ತು, ಬಾಯಿ ಅಷ್ಟೆ ಕಾಣುದು, ಎರಡು ಬಾಯಿ. ಡ್ರೆಸ್ಸಿಂಗ್ ಮಾಡುವಾಗ ಜೀವ ಹೋದ ಹಾಗೆ ಆಗ್ತಿತ್ತು, ನಾನು ಆ ಕಡೆ ತಲೆ ತಿರುಗಿಸಿ ಅದು ಹುಳ ತರುದನ್ನು ನೋಡ್ತಿದ್ದೆ, ಒಂದು ಸಲ ಬಂದು ಹೋದ್ರೆ ಮತ್ತೆ ಯಾವಾಗ ಬರ್ತದೆ ಅಂತ ಕಾಯುದು, ಅಷ್ಟರಲ್ಲಿ ಡ್ರೆಸ್ಸಿಂಗ್ ಮುಗಿದಿರ್ತಿತ್ತು. ನೋವು ಕಡಿಮೆ ಆಯ್ತು ಅಂತ ನಾನು ಹೇಳುದಿಲ್ಲ, ನೋವಿನ ಜೊತೆ ಒಬ್ಬನೇ ಇರ್ಲಿಲ್ಲ. ಪಕ್ಕದ ಬೆಡ್ಡಿನ ಉಳ್ಳಾಲದ ಬ್ಯಾರಿ ಅಜ್ಜ ದಿನಾ ಬೆಳಗ್ಗೆ "ಮರಿ ಹೇಗುಂಟು" ಅಂತ ಕೇಳ್ತಿದ್ರು, ಅವರಿಗೆ ಅಲ್ಲಿಂದ ಕಾಣ್ತಿರ್ಲಿಲ್ಲ, ನಾನು ಹೇಳ್ಬೇಕಿತ್ತು. ನಾನು ಡಿಸ್ಚಾರ್ಜ್ ಆಗುವ ಎರಡು ದಿನ ಮೊದಲು ಗೂಡು ಖಾಲಿ.

ಬಾವನಿಗೆ ಇದನ್ನೂ ಓದಿ ಹೇಳಿ.

ಮುರಕಲ್ಲು

ಎಲ್ರಿಗೂ ತುಂಬ ಥ್ಯಾಂಕ್ಸ್. ನಾಲ್ಕು ದಿನ ಬರೀಲಿಕ್ಕೆ ಆಗ್ಲಿಲ್ಲ, ಎಂತಾಯ್ತು ಅಂತ ಹೇಳ್ತೇನೆ.

ಆದಿತ್ಯವಾರ ಮಧ್ಯಾಹ್ನ ಖಾಲಿ ಇದ್ದ ಹಿಂದಿನ ರೂಮಿನಲ್ಲಿ ಮೊದಲು ನಾನೇ ಮಲಗಿದೆ. ಪಡುಗಾಳಿ ಅವರು ಹೇಳಿದ ಹಾಗೆಯೇ, ಟ್ಯೂಬ್‌ಲೈಟು ನೇರ ಕಣ್ಣಿಗೆ, ಕಿಟಕಿಯಲ್ಲಿ ಗ್ರಿಲ್ಲಿನ ಮೇಲಿನ ಎರಡು ಕಂಬಿ, ಅದರಾಚೆ ಒಂದಿಷ್ಟು ಬಿಳಿ ಆಕಾಶ. ಮರ ಹೊರಗೆ ಹತ್ತಡಿ ದೂರದಲ್ಲಿ ಉಂಟು, ನನಗೆ ಒಂದು ಎಲೆ ಕಾಣುದಿಲ್ಲ! ಟೇಪ್ ಹಿಡಿದ್ರೆ ದಂಡೆ ಮೂರೂವರೆ ಅಡಿ. ಆಮೇಲೆ ಬಾವನನ್ನು ಮಲಗಿಸಿದೆ. ಅವರು ಈ ರೂಮಿನಲ್ಲಿ 15 ವರ್ಷದಿಂದ ರೌಂಡ್ಸ್ ಮಾಡುವವರು, ಮಲಗಿದ್ದು ಅದೇ ಮೊದಲು. ಮಾತಾಡ್ಲಿಲ್ಲ, "ಈ ಲೈಟ್ ಮೊದಲು ತೆಗಿ" ಅಂದ್ರು ಅಷ್ಟೆ.

ಮರುದಿನ ಮೇಸ್ತ್ರಿಯನ್ನು ಕರೆದು, ಹೇಗೂ ಆ ಗೋಡೆ ರಿಪೇರಿ ಇತ್ತು, ಕಿಟಕಿ ಕೆಳಗಿನ ಎರಡು ವರಸೆ ಕಲ್ಲು ತೆಗೆಸಿದೆ. ಮುರಕಲ್ಲಿನ ಗೋಡೆ, ಕಲ್ಲು ಇಡಿಯಾಗಿಯೇ ಬಂತು. ಕೆಂಪು ಧೂಳು ಒಳಗೆ ಬಾರದ ಹಾಗೆ ಬಾಗಿಲಿಗೆ ಶೀಟ್ ಕಟ್ಟಿದ್ದೆವು, ಕಲ್ಚರ್ ಪ್ಲೇಟ್ ಮೇಡಂ, ನೀವು ಹೇಳಿದ್ದಕ್ಕೇ, ಇಲ್ಲದಿದ್ರೆ ನನಗೆ ಅದು ತಲೆಗೇ ಹೋಗ್ತಿರ್ಲಿಲ್ಲ. ಈಗ ದಂಡೆ ಎರಡಡಿಗೆ ಬಂತು, ಮಂಚವನ್ನು ಕಿಟಕಿಗೆ ಅಡ್ಡ ತಿರುಗಿಸಿದೆ. ಬಾವ ಮತ್ತೆ ಮಲಗಿದ್ರು. ಈಗ ಹಲಸಿನ ಕಾಂಡ ಪೂರ್ತಿ ಕಾಣ್ತದೆ, ಬುಡದಿಂದ ಏಳೆಂಟು ಗುಜ್ಜೆ (ಎಳೆ ಹಲಸಿನಕಾಯಿ) ನೇತಾಡ್ತಾ ಇತ್ತು, ಒಂದು ಅಳಿಲು. ಎರಡು ನಿಮಿಷ ಸುಮ್ಮನೆ ಇದ್ದು ಆಮೇಲೆ "ಇದು ಬಕ್ಕೆಯಾ ತುಳುವೆಯಾ" ಅಂತ ಕೇಳಿದ್ರು, ಅಂದ್ರೆ ಗಟ್ಟಿ ತೊಳೆಯ ಹಲಸಾ ಮೆತ್ತನೆಯದ್ದಾ ಅಂತ. ನನಗೆ ಗೊತ್ತಿರ್ಲಿಲ್ಲ, ಹಳೇ ಆಯಾ ಒಬ್ರು ಬಕ್ಕೆ ಅಂತ ಹೇಳಿದ್ರು.

ಈಗಿನ ತೀರ್ಮಾನ, ಹಲಸು ಮತ್ತೆ ರಂಜ ಉಳೀತದೆ, ಒಂದು ಮಾವೂ ಉಳೀತದೆ. ಇನ್ನೊಂದು ಮಾವಿನ ಬುಡ ಟೊಳ್ಳಾಗಿದೆ, ಆಂಬ್ಯುಲೆನ್ಸ್ ತಿರುಗುವ ಜಾಗಕ್ಕೂ ಅದೇ ಅಡ್ಡ, ಅದನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ತೆಗೆಯುದು. ಹಿಂದೆ ಆರು ಕಾರು ಮಾತ್ರ, ಎದುರಿಗೆ ಐದು, ಮೂರು ಕಡಿಮೆ ಆದದ್ದಕ್ಕೆ ಬಾವನಿಗೆ ಇನ್ನೂ ಸ್ವಲ್ಪ ಅಸಮಾಧಾನ ಉಂಟು. ಎದುರು ಪೋರ್ಟಿಕೊ ಪ್ಲಾನಿನಲ್ಲಿ ಇರ್ಲೇ ಇಲ್ಲ, ಹೆದ್ದಾರಿ ಬದಿ ಅಣ್ಣ, ನೀವು ಬರೆದದ್ದು ಓದಿ ಹೇಳಿದ ಮೇಲೆ ಸೇರಿಸಿದ್ರು. ರಂಜದ ಅಡಿ ಎರಡು ಬೆಂಚು. ನರ್ಸುಗಳ ರೂಮಿಗೆ ಮೂಡು ಬದಿಗೆ ಕಿಟಕಿ. ವಾಲ್‌ಪೇಪರ್ ಬಿಟ್ಟಾಯ್ತು, ಪ್ಲಾಸ್ಟಿಕ್ ಎಲೆಯ ಗೋಡೆಗೆ ಮಾತ್ರ ಅಡ್ವಾನ್ಸ್ ಕೊಟ್ಟಾಗಿದೆಯಂತೆ, ಅದನ್ನು ವಾಪಸ್ ಕೇಳ್ತಾ ಇದ್ದೇವೆ.

ನೈಟ್ ಡ್ಯೂಟಿ

ಓದಿ ತುಂಬ ಖುಷಿ ಆಯ್ತು. ಎರಡಡಿಗೆ ಇಳಿಸಿದ ಕಿಟಕಿಗೆ ಗಟ್ಟಿ ಗ್ರಿಲ್ ಹಾಕಿ, ರಾತ್ರೆ ಗಲಿಬಿಲಿ ಆದವರು ಎದ್ದು ಹೋಗ್ತಾರೆ, ಮಕ್ಕಳೂ ಇರ್ತಾರೆ.

ಒಂದು ಕೇಳ್ಬೇಕಿತ್ತು. ಹೊಸ ಬ್ಲಾಕಿನಲ್ಲಿ ಜನರಲ್ ವಾರ್ಡಿನಲ್ಲಿ ನಾಲ್ಕು ನಾಲ್ಕು ಬೆಡ್ ಅಂತಾದ್ರೆ, ಬಾಗಿಲ ಬದಿಯ ಎರಡು ಬೆಡ್ಡಿನಿಂದ ಎಂತ ಕಾಣ್ತದೆ? ಅಲ್ಲಿ ಮಂಚ ಹಾಕಿ ನೋಡಿದ್ರಾ? ಸುರಗಿ ಹೇಳಿದ ಆ ಅಜ್ಜನ ಬೆಡ್ ನೋಡಿ, ಅದು.

ಮುರಕಲ್ಲು

ಇಲ್ಲ ಅಕ್ಕ, ಅದು ನೋಡ್ಲಿಲ್ಲ. ನಾಳೆ ಬೆಳಗ್ಗೆ ಸೈಟಿಗೆ ಮಂಚ ತಗೊಂಡು ಹೋಗ್ತೇನೆ.